ಕಿವಿ ಮಷಿನ್ ಮನೆಯಲ್ಲೇ ಸ್ವಚ್ಛ ಮಾಡಿ ಕಾಪಾಡುವುದು ಹೇಗೆ? ಕಲಬುರಗಿಯ ಬಿಸಿಲು, ಬೆವರು, ಧೂಳಿಗೆ ತಕ್ಕ ಸಮಗ್ರ ಮಾರ್ಗದರ್ಶಿ

“ಮಷಿನ್ ಹಾಳಾಗ್ಯಾದ, ಏನೂ ಕೇಳವಲ್ದು.” ವಯಸ್ಸಾದವರಿರುವ ಮನೆಯಲ್ಲಿ ಈ ಮಾತು ಆಗಾಗ ಬರುತ್ತದೆ. ಬಂದ ಕೂಡಲೇ ಮಷಿನ್ ಕಿಸೆಗೆ ಹಾಕಿಕೊಂಡು ಅಂಗಡಿಗೆ ಓಡುವವರೇ ಹೆಚ್ಚು. ಆಳಂದ, ಚಿತ್ತಾಪುರ, ಜೇವರ್ಗಿ ಕಡೆಯಿಂದ ಬಸ್ ಹತ್ತಿ ಕಲಬುರಗಿಗೆ ಬಂದು, ಅಂಗಡಿಯವರು ಎರಡು ನಿಮಿಷ ಬ್ರಷ್ ಆಡಿಸಿ ಕೊಟ್ಟಿದ್ದನ್ನು ಹಿಡಿದು ವಾಪಸ್ ಹೋಗುವವರೂ ಇದ್ದಾರೆ. ಮಷಿನ್ ನಿಜವಾಗಿ ಕೆಟ್ಟಿರುವುದು ಕಡಿಮೆ. ಧ್ವನಿ ಹೊರಬರುವ ಸಾಸಿವೆಯಷ್ಟು ಕಿಂಡಿಗೆ ಗುಗ್ಗೆ ಮೆತ್ತಿರುತ್ತದೆ, ನಳಿಕೆಯೊಳಗೆ ಬೆವರಿನ ಹನಿ ಕೂತಿರುತ್ತದೆ, ಇಲ್ಲವೇ ಸೆಲ್ ಮುಗಿದಿರುತ್ತದೆ. ಮೂರನ್ನೂ ಮನೆಯಲ್ಲೇ ಸರಿಮಾಡಬಹುದು.

ಇದನ್ನು ಮಷಿನ್ ಹಾಕಿಕೊಳ್ಳುವವರಿಗಿಂತ ಹೆಚ್ಚಾಗಿ ಅವರ ಮನೆಯವರಿಗಾಗಿ ಬರೆಯುತ್ತಿದ್ದೇನೆ. ಎಪ್ಪತ್ತು ದಾಟಿದವರಿಗೆ ಆ ಕಿಂಡಿ ಕಣ್ಣಿಗೆ ಕಾಣುವುದಿಲ್ಲ, ಬೆರಳು ನಡುಗುತ್ತವೆ. ಸೊಸೆಯೋ ಮಗನೋ ಮೊಮ್ಮಗಳೋ ದಿನಕ್ಕೆ ಐದು ನಿಮಿಷ ಕೊಟ್ಟರೆ ಸಾಕು. ನಮ್ಮ ಮನೆಯಲ್ಲಿ ಮಾವನವರದು ಕಿವಿಯ ಹಿಂದೆ ಕೂರುವ ಮಷಿನ್, ನಮ್ಮವ್ವನದು ತೆಳು ತಂತಿಯ ಹೊಸ ನಮೂನೆಯದು. ಎರಡರ ಆರೈಕೆಯೂ ಬೇರೆ ಬೇರೆ.

ನಿಮ್ಮದು ಯಾವ ನಮೂನೆ?

ಒಂದಕ್ಕೆ ಮಾಡುವ ಉಪಚಾರ ಇನ್ನೊಂದಕ್ಕೆ ಮಾಡಿದರೆ ಮಷಿನ್ ಸತ್ತೇ ಹೋಗಬಹುದು. ಹಾಗಾಗಿ ಮೊದಲು ಗುರುತು ಹಿಡಿಯಿರಿ.

ಕಿವಿಯ ಹಿಂದೆ ಬಾಳೆಹಣ್ಣಿನ ಆಕಾರದ ಡಬ್ಬಿ, ಅದರಿಂದ ಪಾರದರ್ಶಕ ನಳಿಕೆ, ನಳಿಕೆಯ ತುದಿಗೆ ಕಿವಿಯ ಅಳತೆ ತೆಗೆದು ಮಾಡಿಸಿದ ಮೋಲ್ಡ್ ಇದ್ದರೆ ಅದು ಬಿಟಿಇ. ಸರ್ಕಾರಿ ಶಿಬಿರಗಳಲ್ಲಿ ಈಗ ಹೆಚ್ಚಾಗಿ ಕೊಡುವುದು ಇದೇ. ಇದರ ಮೋಲ್ಡನ್ನು ಬಿಡಿಸಿ ನೀರಿನಲ್ಲಿ ತೊಳೆಯಬಹುದು.

ಡಬ್ಬಿ ಸಣ್ಣದಿದ್ದು, ನಳಿಕೆಯ ಬದಲು ಕೂದಲೆಳೆಗಿಂತ ತುಸು ದಪ್ಪನೆಯ ತಂತಿ, ತುದಿಗೆ ರಬ್ಬರ್ ಟೋಪಿ ಇದ್ದರೆ ಅದು ಆರ್‌ಐಸಿ. ಟೋಪಿಯ ಒಳಗೆ ಸ್ಪೀಕರ್ ಇರುತ್ತದೆ. ಆ ತುದಿಗೆ ನೀರು ತಾಕಿಸಲೇಬಾರದು.

ಇಡೀ ಮಷಿನ್ ಕಿವಿಯೊಳಗೇ ಕೂತು, ಹೊರಗೆ ತೆಗೆಯಲು ಸಣ್ಣ ಪ್ಲಾಸ್ಟಿಕ್ ಎಳೆ ಇದ್ದರೆ ಅದು ಕಿವಿಯೊಳಗಿನ ನಮೂನೆ. ಇದಕ್ಕೂ ನೀರು ನಿಷಿದ್ಧ. ಗುಗ್ಗೆಯ ಕಾಟ ಅತಿ ಹೆಚ್ಚು ಇರುವುದೂ ಇದಕ್ಕೇ.

ಅಂಗಿಯ ಕಿಸೆಯಲ್ಲಿ ಡಬ್ಬಿ ಇಟ್ಟು ವೈರ್ ಎಳೆದುಕೊಳ್ಳುವ ಹಳೆಯ ಮಷಿನ್ ಇನ್ನೂ ಕೆಲವು ಹಳ್ಳಿಗಳಲ್ಲಿ ಬಳಕೆಯಲ್ಲಿದೆ. ದಪ್ಪ ಗುಂಡಿಗಳಿರುವುದರಿಂದ ಕೆಲವು ಅಜ್ಜಂದಿರಿಗೆ ಅದೇ ಇಷ್ಟ. ಅದರ ವಿಷಯಕ್ಕೆ ಸೆಲ್‌ಗಳ ಜೊತೆ ಬರುತ್ತೇನೆ.

ಬಲಗಿವಿಯದಕ್ಕೆ ಕೆಂಪು, ಎಡಗಿವಿಯದಕ್ಕೆ ನೀಲಿ ಗುರುತು ಇರುತ್ತದೆ. ಎರಡೂ ಕಿವಿಗೆ ಮಷಿನ್ ಇದ್ದರೆ ಒಂದನ್ನು ಪೂರ್ತಿ ಸ್ವಚ್ಛ ಮಾಡಿ ಎತ್ತಿಟ್ಟ ಮೇಲೆಯೇ ಇನ್ನೊಂದನ್ನು ಬಿಚ್ಚಿ. ಮೋಲ್ಡ್ ಅದಲು ಬದಲಾದರೆ ಕಿವಿ ನೋಯುತ್ತದೆ, ಮಷಿನ್ ಸೀಟಿ ಹೊಡೆಯುತ್ತದೆ.

ಏನೇನು ಬೇಕು, ಏನು ಬೇಡವೇ ಬೇಡ

ಮಷಿನ್ ಜೊತೆ ಬಂದ ಪೆಟ್ಟಿಗೆ ಮೊದಲು ಹುಡುಕಿ. ಬಹಳ ಮನೆಗಳಲ್ಲಿ ಅದು ಅಲಮಾರಿನಲ್ಲಿ ತೆರೆಯದೇ ಬಿದ್ದಿರುತ್ತದೆ. ಅದರಲ್ಲಿ ಸಣ್ಣ ಬ್ರಷ್, ತುದಿಯಲ್ಲಿ ಉಂಗುರದಂತೆ ಬಾಗಿದ ತಂತಿ, ಸೆಲ್ ಎತ್ತುವ ಅಯಸ್ಕಾಂತ ಇರಬಹುದು. ಬ್ರಷ್ ಕಳೆದಿದ್ದರೆ ಮಕ್ಕಳ ಮೆತ್ತನೆಯ ಹೊಸ ಹಲ್ಲುಜ್ಜುವ ಬ್ರಷ್ ಆದೀತು. ಪೇಸ್ಟ್ ತಾಕಿದ ಹಳೆಯದು ಬೇಡ.

ಒರೆಸಲು ಹಳೆಯ ಕಾಟನ್ ಧೋತರದ ತುಂಡು ಒಳ್ಳೆಯದು. ಟಿಶ್ಯೂ ಕಾಗದದ ನಾರು ಕಿಂಡಿಗೆ ಸಿಕ್ಕಿಕೊಳ್ಳುತ್ತದೆ. ಮೋಲ್ಡ್ ಇರುವವರಿಗೆ ರಬ್ಬರ್ ಬ್ಲೋವರ್, ಅಂದರೆ ಹಿಚುಕಿದರೆ ಗಾಳಿ ಊದುವ ಉಂಡೆ, ಬೇಕೇ ಬೇಕು. ಮಷಿನ್ ಅಂಗಡಿಯಲ್ಲಿ ಸಿಗುತ್ತದೆ. ಕ್ಯಾಮೆರಾ, ಗಡಿಯಾರ ರಿಪೇರಿಯವರು ಬಳಸುವಂಥದ್ದೂ ನಡೆಯುತ್ತದೆ. ಬಾಯಿಂದ ಊದಿದರೆ ಉಸಿರಿನ ತೇವವೇ ಒಳಗೆ ಹೋಗುತ್ತದೆ. ಕೊನೆಯದಾಗಿ ಬಿಗಿ ಮುಚ್ಚಳದ ಒಂದು ಡಬ್ಬಿ, ಅದರಲ್ಲಿ ತೇವ ಹೀರುವ ಸಿಲಿಕಾ ಜೆಲ್ ಕಾಳು.

ಇನ್ನು ಬೇಡದವು. ಸ್ಪಿರಿಟ್, ಸ್ಯಾನಿಟೈಸರ್, ಡೆಟಾಲ್, ಸೀಮೆಎಣ್ಣೆ ಯಾವುದೂ ಬೇಡ. ಮೋಲ್ಡ್ ಬಿರುಸಾಗುತ್ತದೆ, ಮಷಿನ್ನಿನ ಮೇಲಿನ ಲೇಪ ಕಿತ್ತು ಬರುತ್ತದೆ. ಕೊಬ್ಬರಿ ಎಣ್ಣೆ ಹಚ್ಚಿ ಹೊಳಪು ಬರಿಸುವ ಚಪಲ ಕೆಲವರಿಗಿದೆ; ಅದಕ್ಕೆ ಧೂಳು ಮೆತ್ತಿಕೊಂಡು ಕಿಂಡಿ ಮುಚ್ಚುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಪಿನ್ನು, ಸೂಜಿ, ಊದುಬತ್ತಿ ಕಡ್ಡಿ. ಮೈಕಿನ ಕಿಂಡಿಯೊಳಗೆ ಪಿನ್ನು ಹೋಯಿತು ಎಂದರೆ ಅಲ್ಲಿಗೆ ಮೈಕ್ ಮುಗಿಯಿತು.

ರಾತ್ರಿ ಒರೆಸಿ, ಬೆಳಿಗ್ಗೆ ಬ್ರಷ್ ಮಾಡಿ

ದಿನದ ಕೆಲಸವನ್ನು ಎರಡು ಹೊತ್ತಿಗೆ ಹಂಚಿಕೊಳ್ಳುವುದು ಲೇಸು. ರಾತ್ರಿ ತೆಗೆದಾಗ ಗುಗ್ಗೆ ಮೆತ್ತಗಿರುತ್ತದೆ. ಆಗ ಬ್ರಷ್ ಆಡಿಸಿದರೆ ಬಳಿದುಕೊಂಡು ಇನ್ನಷ್ಟು ಒಳಗೆ ಹೋಗುತ್ತದೆ. ರಾತ್ರಿಯೆಲ್ಲ ಒಣಗಿದ ಗುಗ್ಗೆ ಬೆಳಿಗ್ಗೆ ತಾನಾಗಿ ಉದುರುತ್ತದೆ.

ರಾತ್ರಿ ಮೊದಲು ಕೈ ತೊಳೆದು ಪೂರ್ತಿ ಒರೆಸಿಕೊಳ್ಳಿ. ಹಾಸಿಗೆಯ ಮೇಲೋ ಚಾಪೆಯ ಮೇಲೋ ಕೂತು ತೊಡೆಯ ಮೇಲೆ ಟವೆಲ್ ಹಾಸಿಕೊಳ್ಳಿ. ನಮ್ಮ ಕಡೆ ಮನೆಗಳಲ್ಲಿ ಶಹಾಬಾದಿ ಕಲ್ಲಿನ ನೆಲ. ಅದರ ಮೇಲೆ ಎದೆಯ ಎತ್ತರದಿಂದ ಬಿದ್ದರೂ ಮಷಿನ್ ಒಳಗಿನ ಸೂಕ್ಷ್ಮ ಭಾಗ ಅಲುಗಿಬಿಡುತ್ತದೆ. ಕಿವಿಯಿಂದ ತೆಗೆಯುವಾಗ ಬಿಟಿಇ ಆದರೆ ಮೋಲ್ಡನ್ನೇ ಹಿಡಿದು ತಿರುಗಿಸಿ ತೆಗೆಯಬೇಕು, ನಳಿಕೆ ಹಿಡಿದು ಜಗ್ಗಬಾರದು. ಆಮೇಲೆ ಒಣ ಬಟ್ಟೆಯಿಂದ ಇಡೀ ಮೈ ಒರೆಸಿ. ಕಿವಿಯ ಹಿಂದೆ ಚರ್ಮಕ್ಕೆ ತಾಕುವ ಬದಿಯಲ್ಲಿ ಬೆವರಿನ ಉಪ್ಪು ಬಿಳಿಯಾಗಿ ಕಟ್ಟಿರುತ್ತದೆ, ಅಲ್ಲಿ ಎರಡು ಸಲ ಒರೆಸಿ. ಸೆಲ್ ಬಾಗಿಲು ತೆರೆದು, ಒಳಗೆ ತೇವ ಇದ್ದರೆ ಬಟ್ಟೆಯ ಚುಂಗಿನಿಂದ ಹೀರಿ. ಸೆಲ್ ತೆಗೆದು ಹೊರಗಿಟ್ಟು, ಬಾಗಿಲು ತೆರೆದೇ ಡಬ್ಬಿಯಲ್ಲಿಡಿ. ಹಾಗೆ ಮಾಡಿದರೆ ಮಷಿನ್ ಬಂದ್ ಆಗಿರುತ್ತದೆ, ಒಳಗೆ ಗಾಳಿಯೂ ಆಡುತ್ತದೆ.

ಬೆಳಿಗ್ಗೆ ಬ್ರಷ್ ಮಾಡುವಾಗ ನೆನಪಿಡಬೇಕಾದ್ದು ಒಂದೇ: ಸ್ವಚ್ಛ ಮಾಡುವ ಕಿಂಡಿ ಕೆಳಮುಖವಾಗಿರಬೇಕು. ಮೇಲ್ಮುಖ ಹಿಡಿದು ಬ್ರಷ್ ಮಾಡಿದರೆ ಉದುರಿದ ಗುಗ್ಗೆ ಸೀದಾ ಒಳಗೆ ಬೀಳುತ್ತದೆ. ತುದಿಯನ್ನು ಕೆಳಗೆ ಮಾಡಿ ಹಗುರಾಗಿ ನಾಲ್ಕೈದು ಸಲ ಬ್ರಷ್ ಎಳೆಯಿರಿ, ಟವೆಲ್ ಮೇಲೆ ಹಳದಿ ಕಣಗಳು ಬೀಳುವುದು ಕಾಣುತ್ತದೆ. ನಂತರ ಮೈಕಿನ ಕಿಂಡಿಗಳು. ಡಬ್ಬಿಯ ಮೇಲ್ಭಾಗದಲ್ಲಿ ಒಂದೋ ಎರಡೋ ಸಣ್ಣ ಸೀಳು ಇರುತ್ತವೆ. ಅಲ್ಲಿಗೆ ಬೇರೆ ಬ್ರಷ್, ಕೊನೆಪಕ್ಷ ಅದೇ ಬ್ರಷ್ಷಿನ ಸ್ವಚ್ಛ ಬದಿ. ಗುಗ್ಗೆ ಹತ್ತಿದ ಬ್ರಷ್ಷಿನಿಂದ ಮೈಕ್ ಒರೆಸಿದರೆ ಗುಗ್ಗೆಯನ್ನು ಮೈಕಿಗೆ ತಂದು ಹಚ್ಚಿದ ಹಾಗೆ. ವಾರಕ್ಕೊಮ್ಮೆ ಬ್ರಷ್ಷನ್ನೂ ಸಬೂನು ನೀರಿನಲ್ಲಿ ತೊಳೆದು ಒಣಗಿಸಿ.

“ದಿನಾ ಯಾಕ ಒರಸ್ತಿ ಬಿಡವ್ವ, ಅದೇನ್ ಬೆಳ್ಳಿ ಬಂಗಾರ ಏನು?” ಎಂದು ಮಾವ ಕೇಳುತ್ತಾರೆ. “ಬೆಳ್ಳಿಗಿಂತ ತುಟ್ಟಿ ಅದರಿ ಮಾವ” ಎನ್ನುತ್ತೇನೆ.

ವಾರಕ್ಕೊಮ್ಮೆ ಮೋಲ್ಡ್ ತೊಳೆಯುವುದು

ಇದು ಬಿಟಿಇ ಇರುವವರಿಗೆ ಮಾತ್ರ. ರಾತ್ರಿ ಮಲಗುವ ಮುಂಚೆ ತೊಳೆಯಬೇಕು, ಒಣಗಲು ಇಡೀ ರಾತ್ರಿ ಸಿಗುತ್ತದೆ.

ಮಷಿನ್ನಿನ ತಲೆಯಲ್ಲಿ ಬಾಗಿದ ಗಟ್ಟಿ ಹುಕ್ ಇದೆಯಲ್ಲ, ನಳಿಕೆ ಅದಕ್ಕೆ ಸೇರಿರುತ್ತದೆ. ಒಂದು ಕೈಯಲ್ಲಿ ಹುಕ್ಕನ್ನೇ ಗಟ್ಟಿಯಾಗಿ ಹಿಡಿದು, ಇನ್ನೊಂದು ಕೈಯಿಂದ ನಳಿಕೆಯನ್ನು ಹುಕ್ಕಿನ ಹತ್ತಿರವೇ ಹಿಡಿದು, ತುಸು ತಿರುಚುತ್ತ ಎಳೆಯಿರಿ. ಮಷಿನ್ನಿನ ಮೈ ಹಿಡಿದು ಎಳೆದರೆ ಹುಕ್ ಮುರಿಯುತ್ತದೆ. ಮೋಲ್ಡ್ ಹಿಡಿದು ಎಳೆದರೆ ನಳಿಕೆ ಮೋಲ್ಡಿನಿಂದ ಕಿತ್ತು ಬರುತ್ತದೆ. ಎಳೆಯುವ ಮುಂಚೆ ಮೋಲ್ಡಿನ ಬಾಗು ಯಾವ ಕಡೆ ನೋಡುತ್ತಿದೆ ಎಂದು ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಂಡರೆ ಬೆಳಿಗ್ಗೆ ಜೋಡಿಸಲು ಒದ್ದಾಡಬೇಕಿಲ್ಲ.

ಬಿಚ್ಚಿದ ಮಷಿನ್ ಡಬ್ಬಿಗೆ ಹೋಗಲಿ, ನೀರಿನ ಹತ್ತಿರ ಬರಬಾರದು. ಒಂದು ಬಟ್ಟಲಲ್ಲಿ ಉಗುರುಬೆಚ್ಚಗಿನ ನೀರು ತೆಗೆದುಕೊಂಡು ಮಕ್ಕಳ ಸಬೂನನ್ನು ತುಸು ಕದಡಿ. ಮೋಲ್ಡನ್ನು ನಳಿಕೆ ಸಮೇತ ಹತ್ತು ನಿಮಿಷ ನೆನೆಹಾಕಿ. ಕುದಿಯುವ ನೀರು ಹಾಕಿದರೆ ಆಕಾರ ಕೆಡುತ್ತದೆ. ನೆನೆದ ಮೇಲೆ ಬ್ರಷ್ಷಿನಿಂದ ಉಜ್ಜಿ. ಮೋಲ್ಡಿನಲ್ಲಿ ಎರಡು ತೂತು ಕಂಡರೆ ಒಂದು ಧ್ವನಿಯದು, ಇನ್ನೊಂದು ಕಿವಿಗೆ ಗಾಳಿ ಆಡಲು ಬಿಟ್ಟದ್ದು. ಎರಡರಲ್ಲೂ ತಂತಿ ಉಂಗುರ ಹಾಕಿ ಗುಗ್ಗೆ ಹೊರಗೆಳೆಯಿರಿ, ಒಳಗೆ ತಳ್ಳಬೇಡಿ. ಗಾಳಿಯ ತೂತು ಮುಚ್ಚಿದ್ದರೆ ಹಾಕಿಕೊಂಡವರಿಗೆ ತಮ್ಮ ಮಾತೇ ಗಡಿಗೆಯೊಳಗಿಂದ ಬಂದ ಹಾಗೆ ಕೇಳುತ್ತದೆ. ಅವರು ಮಷಿನ್ ಕಿತ್ತಿಡಲು ಅದೂ ಒಂದು ಕಾರಣ.

ಸ್ವಚ್ಛ ನೀರಿನಲ್ಲಿ ಸಬೂನು ಪೂರ್ತಿ ಹೋಗುವವರೆಗೆ ತೊಳೆದು, ಜಾಡಿಸಿ, ಬಟ್ಟೆಯಿಂದ ಒರೆಸಿ. ಈಗ ಬ್ಲೋವರ್ ಬಾಯಿಯನ್ನು ನಳಿಕೆಯ ತೆರೆದ ತುದಿಗೆ ಹಿಡಿದು ಜೋರಾಗಿ ಹಿಚುಕಿ. ಮೋಲ್ಡಿನ ಬಾಯಿಂದ ನೀರಿನ ಹನಿ ಚಿಮ್ಮುತ್ತವೆ. ಹನಿ ಬರುವುದು ನಿಲ್ಲುವವರೆಗೂ ಊದಿ, ಬಟ್ಟೆಯ ಮೇಲಿಟ್ಟು ಬೆಳಗಿನವರೆಗೆ ಬಿಡಿ. ಬೆಳಿಗ್ಗೆ ನಳಿಕೆಯನ್ನು ಬೆಳಕಿಗೆ ಹಿಡಿದು ನೋಡಿ. ಬಾಗಿದ ಜಾಗದಲ್ಲಿ ಒಂದು ಹನಿ ನಿಂತಿದ್ದರೂ ಧ್ವನಿ ಅಲ್ಲಿಗೇ ನಿಲ್ಲುತ್ತದೆ, ಮತ್ತೊಮ್ಮೆ ಊದಿ. ಪೂರ್ತಿ ಒಣಗಿದ ಮೇಲಷ್ಟೇ ಹುಕ್ಕಿಗೆ ಸೇರಿಸಿ.

ಅದೇ ಹೊತ್ತಿಗೆ ನಳಿಕೆಯನ್ನು ಬೆರಳಿನಿಂದ ಒತ್ತಿ ನೋಡಿ. ಮೆತ್ತಗೆ ಬಾಗಿದರೆ ಚಿಂತೆಯಿಲ್ಲ. ಹಳದಿಗೆ ತಿರುಗಿ ಬಿರುಸಾಗಿದ್ದರೆ, ಬಾಗಿಸಿದಾಗ ಸಣ್ಣ ಸೀಳು ಕಂಡರೆ ಬದಲಾಯಿಸುವ ಕಾಲ ಬಂದಿದೆ. ಸಾಮಾನ್ಯವಾಗಿ ಮೂರರಿಂದ ಆರು ತಿಂಗಳಿಗೊಮ್ಮೆ ನಳಿಕೆ ಬದಲಿಸಬೇಕು. ಇದನ್ನು ಮಾತ್ರ ಆಡಿಯಾಲಜಿಸ್ಟ್ (ಕಿವಿ ಕೇಳುವಿಕೆ ಪರೀಕ್ಷಿಸುವ ತಜ್ಞರು) ಕೈಯಲ್ಲೇ ಮಾಡಿಸಿ, ಉದ್ದ ತುಸು ಹೆಚ್ಚುಕಮ್ಮಿಯಾದರೂ ಮೋಲ್ಡ್ ಕಿವಿಯಲ್ಲಿ ಕೂರುವುದಿಲ್ಲ.

ರಬ್ಬರ್ ಟೋಪಿ ಮತ್ತು ವ್ಯಾಕ್ಸ್ ಗಾರ್ಡ್

ಆರ್‌ಐಸಿ ಮಷಿನ್ನಿನ ತುದಿಯ ರಬ್ಬರ್ ಟೋಪಿಯನ್ನು ತೆಗೆದರೆ ಒಳಗೆ ಸ್ಪೀಕರಿನ ಬಾಯಿಗೆ ಗುಂಡುಪಿನ್ನಿನ ತಲೆಯಷ್ಟು ಬಿಳಿ ಜಾಲರಿ ಕಾಣುತ್ತದೆ. ಅದೇ ವ್ಯಾಕ್ಸ್ ಗಾರ್ಡ್. ಸ್ಪೀಕರಿಗೆ ಹೋಗಬೇಕಾದ ಗುಗ್ಗೆಯನ್ನು ತಾನು ಹಿಡಿದಿಟ್ಟುಕೊಳ್ಳುವುದು ಅದರ ಕೆಲಸ. ಅದನ್ನು ತೊಳೆದು ಮತ್ತೆ ಹಾಕಲು ಬರುವುದಿಲ್ಲ, ತುಂಬಿದರೆ ಬದಲಿಸುವುದೊಂದೇ ದಾರಿ. ಕಿವಿಯೊಳಗಿನ ಮಷಿನ್ನಿಗೂ ಇದು ಇರುತ್ತದೆ.

ಗಾರ್ಡ್‌ಗಳು ಸಣ್ಣ ಕಡ್ಡಿಗಳಲ್ಲಿ ಬರುತ್ತವೆ. ಕಡ್ಡಿಯ ಒಂದು ತುದಿ ಖಾಲಿ, ಇನ್ನೊಂದು ತುದಿಯಲ್ಲಿ ಹೊಸ ಗಾರ್ಡ್. ಖಾಲಿ ತುದಿಯನ್ನು ಹಳೆಯ ಗಾರ್ಡಿನ ನಡುವಿಗೆ ನೇರವಾಗಿ ಒತ್ತಿ, ನೇರವಾಗಿ ಎಳೆಯಿರಿ. ಹಳೆಯದು ಕಡ್ಡಿಗೆ ಅಂಟಿಕೊಂಡು ಬರುತ್ತದೆ. ಕಡ್ಡಿ ತಿರುಗಿಸಿ, ಹೊಸ ಗಾರ್ಡ್ ಇರುವ ತುದಿಯನ್ನು ಅದೇ ಕುಳಿಗೆ ಒತ್ತಿ, ಕಡ್ಡಿಯನ್ನು ಹಿಂದಕ್ಕೆ ತೆಗೆಯಿರಿ. ಗಾರ್ಡ್ ಅಲ್ಲೇ ಉಳಿಯುತ್ತದೆ. ಸೊಟ್ಟಗೆ ಒತ್ತಿದರೆ ಕೂರುವುದಿಲ್ಲ, ಹಾಗಾಗಿ ಬೆಳಕಿರುವ ಕಡೆ, ಕನ್ನಡಕ ಹಾಕಿಕೊಂಡು ಮಾಡಿ. ಕಂಪನಿಯಿಂದ ಕಂಪನಿಗೆ ಗಾರ್ಡಿನ ಅಳತೆ ಬೇರೆ. ಕೊಳ್ಳಲು ಹೋಗುವಾಗ ಹಳೆಯ ಪಾಕೀಟನ್ನೇ ಒಯ್ಯಿರಿ. ಎಷ್ಟು ದಿನಕ್ಕೊಮ್ಮೆ ಬದಲಿಸಬೇಕು ಎಂಬುದು ಕಿವಿಯ ಮೇಲೆ ಹೋಗುತ್ತದೆ. ತಿಂಗಳಿಗೊಮ್ಮೆ ಎಂದು ಇಟ್ಟುಕೊಳ್ಳಿ, ಧ್ವನಿ ಕುಗ್ಗಿದರೆ ಅದಕ್ಕೂ ಮುಂಚೆ.

ರಬ್ಬರ್ ಟೋಪಿಯನ್ನು ದಿನಾ ಒಣ ಬಟ್ಟೆಯಿಂದ ಒರೆಸಿ, ಒಂದರಿಂದ ಮೂರು ತಿಂಗಳಿಗೊಮ್ಮೆ ಹೊಸದು ಹಾಕಿ. ಹಾಕಿದ ಮೇಲೆ ಬೆರಳಿನಿಂದ ಸ್ವಲ್ಪ ಎಳೆದು ನೋಡಿ, ಬಿಗಿಯಾಗಿ ಕೂತಿರಬೇಕು. ಸಡಿಲ ಇದ್ದರೆ ಮಷಿನ್ ತೆಗೆಯುವಾಗ ಟೋಪಿ ಕಿವಿಯೊಳಗೇ ಉಳಿದುಬಿಡುತ್ತದೆ. ಹಾಗಾದರೆ ಚಿಮಟ ಹಾಕಿ ಕೆದಕಲು ಹೋಗಬೇಡಿ, ಕಿವಿ ಡಾಕ್ಟರ ಹತ್ತಿರ ಹೋಗಿ.

ಸೆಲ್ಲಿನ ಸಂಗತಿ

ಮಷಿನ್ನಿನ ಗುಂಡಿ ಸೆಲ್‌ಗೆ ಗಾಳಿ ತಾಕಿದರಷ್ಟೇ ಜೀವ. ಅದಕ್ಕೇ ಅದನ್ನು ಜಿಂಕ್ ಏರ್ ಎನ್ನುವುದು. ಮೇಲಿನ ಸ್ಟಿಕ್ಕರ್ ಕಿತ್ತ ಕೂಡಲೇ ಸಣ್ಣ ತೂತುಗಳಿಂದ ಗಾಳಿ ಒಳಹೋಗಿ ಸೆಲ್ ಕೆಲಸ ಶುರು ಮಾಡುತ್ತದೆ. ಸ್ಟಿಕ್ಕರ್ ಕಿತ್ತು ಕನಿಷ್ಠ ಒಂದು ನಿಮಿಷ, ಪುರುಸೊತ್ತಿದ್ದರೆ ಐದು ನಿಮಿಷ, ಹಾಗೇ ಇಟ್ಟು ಆಮೇಲೆ ಬಾಗಿಲು ಮುಚ್ಚಿ. ಒಮ್ಮೆ ಕಿತ್ತ ಮೇಲೆ ಮಷಿನ್ ಹಾಕಲಿ ಬಿಡಲಿ ಸೆಲ್ ಇಳಿಯುತ್ತಲೇ ಹೋಗುತ್ತದೆ, ಸ್ಟಿಕ್ಕರ್ ಮತ್ತೆ ಅಂಟಿಸಿ ಉಳಿಸುವ ಆಸೆ ಬೇಡ.

ಅಳತೆ ತಿಳಿಯಲು ಸ್ಟಿಕ್ಕರಿನ ಬಣ್ಣ ನೋಡಿದರೆ ಸಾಕು: 10ಕ್ಕೆ ಹಳದಿ, 312ಕ್ಕೆ ಕಂದು, 13ಕ್ಕೆ ಕಿತ್ತಳೆ, 675ಕ್ಕೆ ನೀಲಿ. ಓದಲು ಬಾರದ ಅಜ್ಜಿಗೂ “ಕಿತ್ತಳೆ ಬಣ್ಣದ್ದು ಕೊಡ್ರಿ” ಎಂದು ಕೇಳಲು ಬರುತ್ತದೆ. ಒಂದು ಎಚ್ಚರಿಕೆ: 675ರಷ್ಟೇ ಗಾತ್ರದ ಎಲ್‌ಆರ್44 ಎಂಬ ಸೆಲ್ ಆಟಿಕೆ, ಕ್ಯಾಲ್ಕ್ಯುಲೇಟರ್ ಅಂಗಡಿಗಳಲ್ಲಿ ಅಗ್ಗಕ್ಕೆ ಸಿಗುತ್ತದೆ. ಮಷಿನ್ನಿನಲ್ಲಿ ಅದು ಸರಿಯಾಗಿ ಕೂರುತ್ತದೆ, ಆದರೆ ಮಷಿನ್ ಕೇಳುವಷ್ಟು ಕರೆಂಟು ಬಹಳ ಹೊತ್ತು ಕೊಡಲಾರದು.

ನಮ್ಮ ಬೇಸಿಗೆಯ ಒಣ ಗಾಳಿಗೆ ಸೆಲ್ಲಿನೊಳಗಿನ ತೇವ ಆರಿ, ಸೆಲ್ ಹೇಳಿದ ದಿನಕ್ಕಿಂತ ಮುಂಚೆ ಮುಗಿಯುತ್ತದೆ. ಅಂಗಡಿಯವರು ಮೋಸ ಮಾಡಿದರು ಎಂದು ಜಗಳಕ್ಕೆ ಹೋಗುವ ಮುನ್ನ ಇದು ನೆನಪಿರಲಿ. ಫ್ರಿಜ್ಜಿನಲ್ಲಿ ಇಡಬೇಡಿ, ಹೊರಗೆ ತೆಗೆದಾಗ ಮೈ ಬೆವೆತು ತೂತು ಮುಚ್ಚಿಕೊಳ್ಳುತ್ತವೆ. ಮನೆಯ ತಂಪು ಗೂಡಿನಲ್ಲಿಟ್ಟರೆ ಸಾಕು. ಅದೇ ಕಾರಣಕ್ಕೆ ಮಷಿನನ್ನು ಸಿಲಿಕಾ ಡಬ್ಬಿಯಲ್ಲಿ ಇಡುವಾಗ ಸೆಲ್ ತೆಗೆದು ಹೊರಗಿಡಿ, ಸಿಲಿಕಾ ಸೆಲ್ಲಿನ ತೇವವನ್ನೂ ಹೀರುತ್ತದೆ.

ಈ ಸೆಲ್ ನೋಡಲು ಗುಳಿಗೆಯ ಹಾಗೇ ಇರುತ್ತದೆ. ಬಿಪಿ ಗುಳಿಗೆಯ ಪಕ್ಕ ಎಂದೂ ಇಡಬೇಡಿ, ಕಣ್ಣು ಮಂಜಾದವರು ನುಂಗಿಬಿಡುತ್ತಾರೆ. ಮಕ್ಕಳ ಕೈಗೂ ಸಿಗಬಾರದು. ಯಾರೇ ನುಂಗಿದರೂ ವಾಂತಿ ಮಾಡಿಸುವ ಉಪಾಯ ಮಾಡದೆ, ತಡ ಮಾಡದೆ ಆಸ್ಪತ್ರೆಗೆ ಒಯ್ಯಿರಿ. ಮೂಗಿಗೋ ಕಿವಿಗೋ ತುರುಕಿಕೊಂಡರೂ ಅಷ್ಟೇ ತುರ್ತು. ಗುಂಡಿ ಸೆಲ್ ಒಳಗಿನ ಮಾಂಸವನ್ನು ಗಂಟೆಗಳಲ್ಲಿ ಸುಡುತ್ತದೆ.

ಕಿಸೆ ಮಷಿನ್ನಿಗೆ ಪೆನ್ಸಿಲ್ ಸೆಲ್. ಬಳಸದೆ ವಾರಗಟ್ಟಲೆ ಬಿಟ್ಟರೆ ಸೆಲ್ ಸೋರಿ ಒಳಗಿನ ತಗಡಿಗೆ ಬಿಳಿ, ಹಸಿರು ಪುಡಿ ಕಟ್ಟುತ್ತದೆ. ಸೆಲ್ ತೆಗೆದು ಒಣ ಬಟ್ಟೆಯಿಂದ ಒರೆಸಿ, ಹೋಗದಿದ್ದರೆ ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿ. ವೈರ್ ಹೆಚ್ಚಾಗಿ ತುಂಡಾಗುವುದು ಪಿನ್ನಿನ ಬುಡದಲ್ಲಿ. ವೈರ್ ಅಲುಗಾಡಿಸಿದಾಗ ಧ್ವನಿ ಬಂದು ಹೋಗಿ ಮಾಡಿದರೆ ವೈರಷ್ಟೇ ಬದಲಿಸಿ, ಇಡೀ ಮಷಿನ್ ಬೇಕಿಲ್ಲ. ಕಿಸೆಯಲ್ಲಿ ತಂಬಾಕಿನ ಪುಡಿಯ ಜೊತೆ ಇಡುವುದನ್ನು ಮಾತ್ರ ಬಿಡಿಸಿ.

ಚಾರ್ಜ್ ಮಾಡುವ ಮಷಿನ್ ಇದ್ದರೆ ಸೆಲ್ ತೆಗೆಯುವ ಗೋಜಿಲ್ಲ. ಮಷಿನ್ನಿನ ಕೆಳಗೂ ಚಾರ್ಜರಿನ ಗುಳಿಯಲ್ಲೂ ಇರುವ ಲೋಹದ ಚುಕ್ಕೆಗಳನ್ನು ವಾರಕ್ಕೊಮ್ಮೆ ಒಣ ಬಟ್ಟೆಯಿಂದ ಒರೆಸಿ. “ರಾತ್ರಿಯೆಲ್ಲ ಚಾರ್ಜಿಗೆ ಇಟ್ಟಿದ್ದೆ, ಬೆಳಿಗ್ಗೆ ಖಾಲಿ” ಎಂಬ ದೂರು ಬಂದರೆ ಮೊದಲು ನೋಡಬೇಕಾದ್ದು ಈ ಚುಕ್ಕೆಗಳನ್ನೇ.

ನಮ್ಮ ಬಿಸಿಲು, ನಮ್ಮ ಧೂಳು

ಮಷಿನ್ ಜೊತೆ ಬರುವ ಪುಸ್ತಕದಲ್ಲಿ ಕಲಬುರಗಿಯ ಮೇ ತಿಂಗಳ ಬಗ್ಗೆ ಏನೂ ಇರುವುದಿಲ್ಲ. ಬಿಸಿಲು 40 ಡಿಗ್ರಿ ದಾಟಿದ ದಿನ ಕಿವಿಯ ಹಿಂದಿನ ಬೆವರು ಮಷಿನ್ನಿನ ಮೇಲೇ ಹರಿಯುತ್ತದೆ. ಆ ತಿಂಗಳುಗಳಲ್ಲಿ ಮಧ್ಯಾಹ್ನವೂ ಒಮ್ಮೆ ತೆಗೆದು ಒರೆಸಿ. ಮಷಿನ್ನಿಗೆ ತೊಡಿಸುವ ಬಟ್ಟೆಯ ಗವಸು ಸಿಗುತ್ತದೆ, ಹೊಲದಲ್ಲಿ ಓಡಾಡುವವರಿಗೆ ಉಪಯೋಗ. ಗಾಡಿಯ ಡಿಕ್ಕಿ, ಕಾರಿನ ಮುಂದಿನ ಗಾಜಿನ ಕೆಳಗೆ, ಮಾಳಿಗೆಯ ಕಿಟಕಿಯ ಮೇಲೆ ಮಷಿನ್ ಬಿಡಬೇಡಿ. ಚಾರ್ಜ್ ಮಾಡುವಂಥದ್ದಕ್ಕೆ ಆ ಕಾವು ಇನ್ನೂ ಕೆಟ್ಟದ್ದು.

ತೊಗರಿ ರಾಶಿಯ ದಿನಗಳಲ್ಲಿ ಕಣದ ಹೊಟ್ಟು ಮೈಕಿನ ಕಿಂಡಿಗೆ ನೇರ ಶತ್ರು. ರಾಶಿಯ ಮಷಿನ್ ಹತ್ತಿರ ನಿಂತು ಕೆಲಸ ಮಾಡುವಾಗ ಆ ಗದ್ದಲದಲ್ಲಿ ಕಿವಿ ಮಷಿನ್ನಿನಿಂದ ಪ್ರಯೋಜನವೂ ಇಲ್ಲ, ತೆಗೆದು ಡಬ್ಬಿಯಲ್ಲಿಡಿ. ದಾಲ್ ಮಿಲ್, ಶಹಾಬಾದಿ ಕಲ್ಲಿನ ಪಾಲಿಶ್, ಹಿಟ್ಟಿನ ಗಿರಣಿಯಲ್ಲಿ ದುಡಿಯುವವರು ಬ್ರಷ್ ಕೆಲಸವನ್ನು ಒಂದು ದಿನವೂ ತಪ್ಪಿಸಬಾರದು.

ಅಡಿಗೆ ಮನೆಯಲ್ಲಿ ರೊಟ್ಟಿ ಬಡಿಯುವ ಹಿಟ್ಟು, ಹಂಚಿನ ಉಗಿ ಎರಡೂ ಮಷಿನ್ನಿಗೆ ಬೀಳುತ್ತವೆ. ಹಿಟ್ಟಿನ ಕೈಯಿಂದ ಮಷಿನ್ ಮುಟ್ಟದಿದ್ದರೆ ಅರ್ಧ ಗೆದ್ದ ಹಾಗೆ. ತಲೆಗೆ ಎಣ್ಣೆ, ಮುಖಕ್ಕೆ ಪೌಡರ್ ಎಲ್ಲ ಮುಗಿದು ಹತ್ತು ನಿಮಿಷದ ಮೇಲೆ ಮಷಿನ್ ಹಾಕಲಿ. ಸ್ನಾನಕ್ಕೆ ಮುಂಚೆ, ಕ್ಷೌರಕ್ಕೆ ಕೂರುವ ಮುಂಚೆ, ಹೋಳಿಯ ಬಣ್ಣಕ್ಕೆ ಮುಂಚೆ ತೆಗೆದಿಡಲಿ. ಶರಣಬಸವೇಶ್ವರ ಜಾತ್ರೆಯಂಥ ನೂಕುನುಗ್ಗಲಿಗೆ ಹೋಗುವಾಗ ಮಷಿನ್ನಿಗೆ ದಾರ ಕಟ್ಟಿ, ದಾರದ ಕ್ಲಿಪ್ಪನ್ನು ಅಂಗಿಗೋ ಕುಪ್ಪಸಕ್ಕೋ ಸಿಕ್ಕಿಸಿ. ತಲೆಯ ಮೇಲಿನ ಸೆರಗು, ರುಮಾಲು, ಮಾಸ್ಕಿನ ದಾರ ತೆಗೆಯುವಾಗ ಅದರ ಜೊತೆ ಮಷಿನ್ ಹಾರಿಹೋಗುವುದು ಬಹಳ.

ಮಳೆಗಾಲದಲ್ಲಿ ಸಿಲಿಕಾ ಡಬ್ಬಿಗೆ ನಿಜವಾದ ಕೆಲಸ. ನೀಲಿ ಕಾಳು ತೇವ ಕುಡಿದರೆ ಗುಲಾಬಿಯಾಗುತ್ತದೆ, ಕಿತ್ತಳೆ ಕಾಳು ಹಸಿರಾಗುತ್ತದೆ. ಬಣ್ಣ ತಿರುಗಿದರೆ ಬದಲಿಸಿ. ನೀಲಿ ಕಾಳಿನಲ್ಲಿ ಕೋಬಾಲ್ಟ್ ಕ್ಲೋರೈಡ್ ಎಂಬ ವಿಷ ಇರುವುದರಿಂದ ರೊಟ್ಟಿ ಹಂಚಿನ ಮೇಲೆ ಹುರಿದು ಮತ್ತೆ ಬಳಸಬೇಡಿ. ಕೊಳ್ಳುವಾಗಲೇ ಕಿತ್ತಳೆಯದನ್ನು ಕೇಳಿ. ಅಕ್ಕಿ ಡಬ್ಬಿಯಲ್ಲಿ ಹೂತಿಡುವ ಉಪಾಯ ಮೊಬೈಲಿನ ಕಾಲದಿಂದ ಬಂದದ್ದು. ಅಕ್ಕಿಯ ಪುಡಿ ಕಿಂಡಿಗೆ ಹೋಗುತ್ತದೆ, ಅಷ್ಟೇ.

ಮಷಿನ್ ನೀರಿಗೆ ಬಿದ್ದರೆ? ಕೂಡಲೇ ತೆಗೆದು, ಸೆಲ್ ಹೊರಹಾಕಿ, ಒರೆಸಿ, ಹಗುರಾಗಿ ಜಾಡಿಸಿ, ಬಾಗಿಲು ತೆರೆದು ಸಿಲಿಕಾ ಡಬ್ಬಿಯಲ್ಲಿ ಒಂದು ಪೂರ್ತಿ ದಿನ ಬಿಡಿ. ಆಮೇಲೆ ಹೊಸ ಸೆಲ್ ಹಾಕಿ ನೋಡಿ. ಹೇರ್ ಡ್ರೈಯರ್, ಒಲೆಯ ಕಾವು, ಬಿಸಿಲು ಯಾವುದೂ ಬೇಡ.

ಕೇಳದಿದ್ದಾಗ ಯಾವುದನ್ನು ಮೊದಲು ನೋಡಬೇಕು

ಧ್ವನಿಯೇ ಇಲ್ಲ ಎಂದರೆ ಮಷಿನ್ ಚಾಲೂ ಇದೆಯೇ, ಸೆಲ್ಲಿನ ಪ್ಲಸ್ ಬದಿ ಸರಿಯಾಗಿದೆಯೇ ನೋಡಿ. ಹಳೆಯ ನಮೂನೆಯಲ್ಲಿ ಎಂ (ಮೈಕ್), ಟಿ (ಟೆಲಿಫೋನ್), ಒ (ಬಂದ್) ಎಂಬ ಸ್ವಿಚ್ ಇದ್ದರೆ ಅದು ಎಂ ಮೇಲಿರಬೇಕು. ಟಿ ಮೇಲಿದ್ದರೆ ಎದುರಿನವರ ಮಾತು ಕೇಳದು. ಆಮೇಲೆ ಹೊಸ ಸೆಲ್. ಆಮೇಲೆ ಕಿಂಡಿ, ಗಾರ್ಡ್, ನಳಿಕೆ. ಬಿಟಿಇ ಆದರೆ ಮೋಲ್ಡ್ ಬಿಡಿಸಿ, ಬರೀ ಮಷಿನ್ ಚಾಲೂ ಮಾಡಿ ಮುಷ್ಟಿಯಲ್ಲಿ ಹಿಡಿಯಿರಿ. ಸೀಟಿ ಬಂದರೆ ಮಷಿನ್ ಸರಿ ಇದೆ, ಅಡ್ಡಿ ಇರುವುದು ಮೋಲ್ಡಿನಲ್ಲಿ. ಸೀಟಿ ತಡೆಯುವ ತಂತ್ರ ಇರುವ ಕೆಲವು ಡಿಜಿಟಲ್ ಮಷಿನ್ ಮುಷ್ಟಿಯಲ್ಲೂ ಸುಮ್ಮನಿರಬಹುದು. ಅದಕ್ಕೆ ಡಾಕ್ಟರ ಸ್ಟೆತಾಸ್ಕೋಪಿನ ಹಾಗಿರುವ ಸ್ಟೆಟೊಕ್ಲಿಪ್ ಸಿಗುತ್ತದೆ. ಮಷಿನ್ನಿನ ಬಾಯನ್ನು ಅದಕ್ಕೆ ಹಚ್ಚಿ, ಧ್ವನಿ ಕಡಿಮೆ ಇಟ್ಟು, ನೀವೇ ಕೇಳಬಹುದು. ಮಕ್ಕಳು ಮಷಿನ್ ಹಾಕುವ ಮನೆಯಲ್ಲಿ ಇದು ಇರಲೇಬೇಕು. ಸಣ್ಣ ಮಗು ಕೇಳುತ್ತಿಲ್ಲ ಎಂದು ತಾನಾಗಿ ಹೇಳುವುದಿಲ್ಲ, ಸುಮ್ಮನೆ ಮಂಕಾಗಿ ಕೂರುತ್ತದೆ.

ಕಿವಿಯಲ್ಲಿದ್ದಾಗ ಸೀಟಿ ಹೊಡೆದರೆ ಮೋಲ್ಡ್ ಸರಿಯಾಗಿ ಕೂತಿಲ್ಲ, ನಳಿಕೆ ಸೀಳಿದೆ, ಇಲ್ಲವೇ ಕಿವಿಯೊಳಗೇ ಗುಗ್ಗೆ ತುಂಬಿ ಧ್ವನಿ ವಾಪಸ್ ಬರುತ್ತಿದೆ. ಸೆರಗು ಮೈಕನ್ನು ಮುಚ್ಚಿದರೂ ಸೀಟಿ ಬರುತ್ತದೆ. ವಯಸ್ಸಾದಂತೆ, ಮೈ ಇಳಿದಂತೆ ಕಿವಿಯ ಆಕಾರ ಬದಲಾಗಿ ಹಳೆಯ ಮೋಲ್ಡ್ ಸಡಿಲವಾಗುತ್ತದೆ. ಬೆಳೆಯುವ ಮಕ್ಕಳಿಗಂತೂ ಮೇಲಿಂದ ಮೇಲೆ ಹೊಸ ಅಳತೆ ಬೇಕಾಗುತ್ತದೆ. ಚಟಪಟ ಸದ್ದು ಬಂದರೆ ಹೆಚ್ಚಾಗಿ ತೇವ, ಒಂದು ರಾತ್ರಿ ಸಿಲಿಕಾದಲ್ಲಿಟ್ಟು ನೋಡಿ.

ಮಷಿನ್ ಎಷ್ಟು ಸ್ವಚ್ಛವಿದ್ದರೂ ಕಿವಿ ತುಂಬಿದ್ದರೆ ಕೇಳದು. ಕಾಸಿದ ಎಣ್ಣೆ ಬಿಡುವುದು, ಕಡ್ಡಿ ಹಾಕುವುದು, ಬಸ್ ಸ್ಟ್ಯಾಂಡಿನ ಹತ್ತಿರ ಕಿವಿ ತೆಗೆಯುವವರ ಮುಂದೆ ಕೂರುವುದು ಬೇಡ. ಮಷಿನ್ ಹಾಕುವವರು ಆರು ತಿಂಗಳಿಗೊಮ್ಮೆ ಕಿವಿ ತೋರಿಸಿಕೊಳ್ಳುವುದು ಒಳ್ಳೆಯದು. ಕಲಬುರಗಿಯಲ್ಲಿ ಜಿಮ್ಸ್, ಬೀದರಿನಲ್ಲಿ ಬ್ರಿಮ್ಸ್, ಯಾದಗಿರಿಯಲ್ಲಿ ಯಿಮ್ಸ್ ಸರ್ಕಾರಿ ಮೆಡಿಕಲ್ ಕಾಲೇಜುಗಳು, ಕಿವಿ ಮೂಗು ಗಂಟಲು ವಿಭಾಗದ ಚೀಟಿ ಮಾಡಿಸಿದರೆ ಆಯಿತು. ಕಿವಿ ಸೋರುತ್ತಿದ್ದರೆ, ನೋಯುತ್ತಿದ್ದರೆ ಡಾಕ್ಟರು ನೋಡುವವರೆಗೆ ಆ ಕಿವಿಗೆ ಮಷಿನ್ ಹಾಕಬೇಡಿ.

ಅಂಗಡಿಗೆ ಒಯ್ಯಲೇಬೇಕಾದಾಗ

ಇಷ್ಟೆಲ್ಲ ಮಾಡಿದ ಮೇಲೂ ಸರಿಹೋಗದಿದ್ದರೆ, ಡಬ್ಬಿ ಬಿರುಕು ಬಿಟ್ಟಿದ್ದರೆ, ಸೆಲ್ ಒಂದೆರಡು ದಿನಕ್ಕೇ ಮುಗಿಯುತ್ತಿದ್ದರೆ ಒಯ್ಯಿರಿ. ಒಳಗೆ ಬಿಚ್ಚುವ ಸಾಹಸವನ್ನು ಮೊಬೈಲ್ ರಿಪೇರಿಯವರ ಕೈಯಲ್ಲೂ ಮಾಡಿಸಬೇಡಿ. ಹೋಗುವಾಗ ಮೋಲ್ಡ್, ಗ್ಯಾರಂಟಿ ಕಾರ್ಡ್, ಹಳೆಯ ಆಡಿಯೋಗ್ರಾಮ್ (ಕಿವಿ ಕೇಳುವ ಪರೀಕ್ಷೆಯ) ಚೀಟಿ, ಜೊತೆಗೆ ಮಷಿನ್ ಹಾಕುವವರೂ ಇರಲಿ; ಅವರಿಲ್ಲದೆ ಮೋಲ್ಡ್ ಕೂರುತ್ತದೋ ಇಲ್ಲವೋ ನೋಡಲಾಗದು. ತೊಂದರೆ ಯಾವಾಗಿನಿಂದ, ಯಾವ ಹೊತ್ತಿನಲ್ಲಿ, ಮನೆಯಲ್ಲಿ ಏನೇನು ಮಾಡಿ ನೋಡಿದಿರಿ ಎಂದು ಚೀಟಿಯಲ್ಲಿ ಬರೆದುಕೊಂಡು ಹೋದರೆ ಅರ್ಧ ಕೆಲಸ ಮುಗಿದಂತೆ.

ಅಂಗವಿಕಲರಿಗೆ ಸಾಧನ ಕೊಡುವ ಕೇಂದ್ರದ ಎಡಿಐಪಿ ಯೋಜನೆಯಲ್ಲಿ ಉಚಿತವಾಗಿ ಮಷಿನ್ ಪಡೆದವರು ಕೊಟ್ಟ ಕಾಗದಗಳನ್ನು ಜೋಪಾನ ಮಾಡಿ. ಅದೇ ಯೋಜನೆಯಲ್ಲಿ ಇನ್ನೊಂದು ಮಷಿನ್ ಕೇಳಲು ದೊಡ್ಡವರಿಗೆ ಮೂರು ವರ್ಷ, ಹನ್ನೆರಡರೊಳಗಿನ ಮಕ್ಕಳಿಗೆ ಒಂದು ವರ್ಷ ಕಳೆದಿರಬೇಕು. ಮಷಿನ್ ರಿಪೇರಿಗೆ ಬಿಟ್ಟು ಬರುವಾಗ ಸೆಲ್ ತೆಗೆದಿಟ್ಟುಕೊಂಡು, ಮಷಿನ್ನಿನ ಮೇಲೆ ಕೊರೆದ ನಂಬರನ್ನು ರಸೀದಿಯ ಮೇಲೆ ಬರೆಸಿಕೊಳ್ಳಿ.